ಕೆಡವಿದವರು ಕಲ್ಲು ನೆಡುವುದಿಲ್ಲ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಿಂದ ಕೃಷ್ಣರಾಜೇಂದ್ರ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ಕಲ್ಲಿನ ಹೆಬ್ಬಾಗಿಲೊಂದು ಎದುರಾಗುತ್ತದೆ. ಹಳೆಯ ಕೋಟೆಯ ದೆಹಲಿ ಬಾಗಿಲು ಇದು. ಕತ್ತೆತ್ತಿ ನೋಡಬೇಕಾದಷ್ಟು ಎತ್ತರದ ಮರದ ಕದ, ಅದರ ಮೈಮೇಲೆ ಕಬ್ಬಿಣದ ಚೂಪು ಮೊಳೆಗಳು. ಒಳಗೆ ಗಾರೆಯಲ್ಲಿ ಅರಳಿಸಿದ ಕಮಲ, ನವಿಲು, ಗಿಳಿ. ಪಕ್ಕದಲ್ಲಿ ಪುಟ್ಟದೊಂದು ಗಣಪತಿ ಗುಡಿ. ಗೋಡೆಯ ಮೇಲೊಂದು ಫಲಕವಿದೆ. 1791ರ ಮಾರ್ಚ್ 21ರಂದು ಬ್ರಿಟಿಷ್ ಸೈನ್ಯ ನುಗ್ಗಿದ್ದು ಈ ಕಂಡಿಯ ಮೂಲಕ ಎಂದು ಅದು ಇಂಗ್ಲಿಷಿನಲ್ಲಿ ಸಾರುತ್ತದೆ. ಬಾಗಿಲು ದಾಟಿ ಒಳಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಕೋಟೆ ಮುಗಿದುಹೋಗುತ್ತದೆ. ಬಾಗಿಲಿದೆ, ಆದರೆ ಅದು ಕಾಯಬೇಕಾಗಿದ್ದ ಕೋಟೆ ಇಲ್ಲ.

ನನ್ನ ಅಜ್ಜಿ ಹೇಳುತ್ತಿದ್ದ ಮಾತೊಂದು ಈ ಹುಡುಕಾಟಕ್ಕೆ ಕಾರಣ. "ನೀನು ಕೋಟೆ ಒಳಗೆ ಹುಟ್ಟಿದೋನು ಕಣಪ್ಪಾ" ಎನ್ನುತ್ತಿದ್ದಳು. ಮುದ್ದಿನ ಮಾತು ಎಂದುಕೊಂಡಿದ್ದೆ. ಆಕೆ ತೀರಿಕೊಂಡ ಮೇಲೆ ಹಳೆಯ ಟ್ರಂಕಿನಲ್ಲಿ ನನ್ನ ಜನನ ಪ್ರಮಾಣಪತ್ರ ಸಿಕ್ಕಿತು. ಹುಟ್ಟಿದ ಸ್ಥಳ: ವಾಣಿವಿಲಾಸ ಆಸ್ಪತ್ರೆ. ದೆಹಲಿ ಬಾಗಿಲಿನ ಮುಂದೆ ನಿಂತರೆ ರಸ್ತೆಯ ಆಚೆ ಕಾಣುವ ಹೆರಿಗೆ ಆಸ್ಪತ್ರೆ ಅದು. ಅಜ್ಜಿಯ ಮಾತು ಮುದ್ದಿನದಲ್ಲ, ಭೂಗೋಳದ ಮಾತು ಎಂದು ಆ ದಿನ ಮೊದಲ ಸಲ ಅನ್ನಿಸಿತು. ಹಾಗಿದ್ದರೆ ಆ ಕೋಟೆಯ ಗೋಡೆ ಎಲ್ಲೆಲ್ಲಿ ಹಾದುಹೋಗಿತ್ತು? ಅದನ್ನು ಕೆಡವಿದವರು ಯಾರು? ಈ ಎರಡು ಪ್ರಶ್ನೆ ಹಿಡಿದು ಹೊರಟೆ.

ಕೆಡವಿದವರು ಬ್ರಿಟಿಷರು ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ. ಶಾಲೆಯಲ್ಲಿ ಓದಿದ ಪಾಠ, ಗೋಡೆಯ ಮೇಲಿನ ಫಲಕ, ಎರಡೂ ಅದನ್ನೇ ಹೇಳುವಂತಿದ್ದವು. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿದರು. 1761ರಲ್ಲಿ ಹೈದರ್ ಅಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅದನ್ನು ಗೆದ್ದ. ಗೆದ್ದವನು ಕೆಡವಿದ. ಮೂರು ಇಸವಿಗಳಲ್ಲಿ ಕತೆ ಮುಗಿಯಿತು ಎಂದುಕೊಂಡು ಗ್ರಂಥಾಲಯದ ಮೆಟ್ಟಿಲು ಹತ್ತಿದೆ.

ಕತೆ ಅಷ್ಟು ಸುಲಭವಾಗಿರಲಿಲ್ಲ. ಮೊದಲು ತೆಗೆದದ್ದು ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗ್ಯಾಸೆಟಿಯರ್. 1877ರಲ್ಲಿ ಅಚ್ಚಾಗಿ 1897ರಲ್ಲಿ ಪರಿಷ್ಕರಣೆಗೊಂಡ ಪುಸ್ತಕ. ಅದರ ಎಳೆ ಹಿಡಿದು ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನಕ್ಕೆ ಹೋದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಮೇ ತಿಂಗಳಲ್ಲಿ, ಈತ ಬೆಂಗಳೂರಿಗೆ ಬಂದಿದ್ದ. ಬೇಸಾಯ, ನೇಕಾರಿಕೆ, ಸಂತೆ, ತೋಟ, ಎಲ್ಲವನ್ನೂ ಕಂಡು ಕೇಳಿ ಬರೆದುಕೊಂಡ ವೈದ್ಯ ಆತ. ಕೋಟೆಯ ಬಗ್ಗೆ ಅವನು ಬರೆದಿರುವುದು ನನ್ನ ತೀರ್ಮಾನವನ್ನು ತಲೆಕೆಳಗು ಮಾಡಿತು. ಹೈದರ್ ಕಟ್ಟಿಸಿದ ಕೋಟೆಯನ್ನು ಕೆಡವಿಸಿದವನು ಹೈದರನ ಮಗ ಟಿಪ್ಪುವೇ ಎನ್ನುತ್ತಾನೆ ಬುಕಾನನ್. ರೈಸ್ ಕೂಡ ಅದನ್ನೇ ಹೇಳುತ್ತಾರೆ.

ಯಾಕೆ? 1791ರ ಮಾರ್ಚ್ ತಿಂಗಳನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಮುಟ್ಟಲಿಲ್ಲ, ಅದರ ಉತ್ತರಕ್ಕಿದ್ದ ಪೇಟೆಯನ್ನು ಹಿಡಿಯಿತು. ಆ ದಿನ ಪೇಟೆಯ ಬಾಗಿಲಲ್ಲೇ ಕರ್ನಲ್ ಮೂರ್‌ಹೌಸ್ ಸತ್ತ. ಪೇಟೆ ಕೈಸೇರಿದ ಮೇಲೆ ಅಲ್ಲಿಂದಲೇ ಕೋಟೆಯ ಕಡೆಗೆ ಫಿರಂಗಿ ತಿರುಗಿಸಿದರು. ಗುಂಡು ಹೊಡೆದು ದೆಹಲಿ ಬಾಗಿಲ ಪಕ್ಕದ ಗೋಡೆಯಲ್ಲಿ ಕಂಡಿ ಮಾಡಿದರು. ಮಾರ್ಚ್ 21ರ ರಾತ್ರಿ, ಬೆಳದಿಂಗಳಲ್ಲಿ, ಆ ಕಂಡಿಯಿಂದ ನುಗ್ಗಿದರು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಬೆಂಗಳೂರು ಮಾತ್ರ ಅವನಿಗೆ ಮರಳಿ ಸಿಕ್ಕಿತು. ಆಪತ್ಕಾಲದಲ್ಲಿ ಕಾಯದ ಕೋಟೆ ನಾಳೆ ಶತ್ರುವಿನ ಕೈಸೇರಿದರೆ ತನಗೇ ಮುಳುವು. ಹಾಗಾಗಿ ಅದನ್ನು ಬಿಚ್ಚಿಸಿಬಿಟ್ಟ.

ರೈಸ್ ಬರಹದಲ್ಲಿ ಮುಂದೆ ಇನ್ನೊಂದು ಹೆಸರು ಬರುತ್ತದೆ. ಟಿಪ್ಪು ಕೆಡವಿಸಿದ ಕೋಟೆಯನ್ನು ಆಮೇಲೆ ದಿವಾನ್ ಪೂರ್ಣಯ್ಯ ದುರಸ್ತಿ ಮಾಡಿಸಿದರು. ಟಿಪ್ಪುವಿನ ಬಳಿಯೂ ಮಂತ್ರಿಯಾಗಿದ್ದು ನಂತರ ಮೈಸೂರು ಒಡೆಯರ ದಿವಾನರಾದವರು ಅವರು. ದೆಹಲಿ ಬಾಗಿಲಿಗೆ ಮತ್ತೆ ಹೋಗಿ ಗೋಡೆಗೆ ಕೈಯಿಟ್ಟು ನಿಂತಾಗ ಆ ಕಲ್ಲುಗಳು ಬೇರೆಯಾಗಿ ಕಂಡವು. ಹೈದರ್ ಇಡಿಸಿದ್ದು, ಟಿಪ್ಪು ಬಿಚ್ಚಿಸಿದ್ದು, ಪೂರ್ಣಯ್ಯ ಮತ್ತೆ ಜೋಡಿಸಿದ್ದು. ಮೂರು ಕೈ ದಾಟಿ ಬಂದ ಕೋಟೆ ಇದು. ಫಲಕದಲ್ಲಿರುವುದು ಮಾತ್ರ ಒಂದೇ ರಾತ್ರಿಯ ಸುದ್ದಿ.

ಕೆಡವಿದವರ ಮಾತು ಹೀಗಾಯಿತು. ಗೋಡೆ ಎಲ್ಲಿತ್ತು ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಅದಕ್ಕೆ ನಕ್ಷೆಯೇ ಬೇಕು. ಕೋಟೆ ಬಿದ್ದ ಮರುದಿನದ, ಅಂದರೆ 1791ರ ಮಾರ್ಚ್ 22ರ ತಾರೀಖು ಹೊತ್ತ ನಕ್ಷೆಯೊಂದಿದೆ. ಬರೆದವನು ಕ್ಲಾಡ್ ಮಾರ್ಟಿನ್. ಹುಟ್ಟಿನಿಂದ ಫ್ರೆಂಚನಾದರೂ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದ್ದ, ಲಖನೌದ ಲಾ ಮಾರ್ಟಿನಿಯರ್ ಶಾಲೆಯ ಮೂಲಪುರುಷ. ಉತ್ತರಕ್ಕೆ ಪೇಟೆ, ಅದರ ಸುತ್ತ ಮುಳ್ಳಿನ ಬೇಲಿ. ದಕ್ಷಿಣಕ್ಕೆ ಮೊಟ್ಟೆಯಾಕಾರದ ಕೋಟೆ. ಪೇಟೆಗೆ ಎದುರಾಗಿ ದೆಹಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಮೈಸೂರು ಬಾಗಿಲು. ಫಿರಂಗಿಗಳನ್ನು ಎಲ್ಲಿ ನಿಲ್ಲಿಸಿದ್ದರು ಎಂಬುದನ್ನೂ ಅದರಲ್ಲಿ ಗುರುತಿಸಿದೆ.

ಹಳೆಯ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸಲು ಸರಳವಾದ ಉಪಾಯವಿದೆ. ಎರಡರಲ್ಲೂ ಇರುವ, ಜಾಗ ಬದಲಿಸದ ಎರಡು ಗುರುತು ಸಿಕ್ಕರೆ ಸಾಕು. ಅವುಗಳ ನಡುವಿನ ದೂರದಿಂದ ಅಳತೆ, ಅವು ನಿಂತ ದಿಕ್ಕಿನಿಂದ ಓರೆ ಗೊತ್ತಾಗುತ್ತದೆ. ಮೂರನೆಯದೊಂದು ಗುರುತು ಸಿಕ್ಕರೆ ಲೆಕ್ಕ ತಾಳೆ ನೋಡಬಹುದು. ನನಗೆ ಮೊದಲ ಗುರುತು ದೆಹಲಿ ಬಾಗಿಲು. ಎರಡನೆಯದು ಟಿಪ್ಪುವಿನ ಅರಮನೆ. ತಾಳೆಗೆ ಅರಮನೆಯ ಪಕ್ಕದ ಕೋಟೆ ವೆಂಕಟರಮಣ ದೇವಸ್ಥಾನ, ಚಿಕ್ಕದೇವರಾಜ ಒಡೆಯರ ಕಾಲದ ಗುಡಿ. ಬೆಣ್ಣೆಕಾಗದದ ಮೇಲೆ ಪೆನ್ಸಿಲಿನಿಂದ ಮೊಟ್ಟೆಯಾಕಾರ ಎಳೆದು ಇಂದಿನ ರಸ್ತೆಗಳ ಮೇಲಿಟ್ಟೆ. ಅದರ ದಕ್ಷಿಣದ ತುದಿ ಚಾಮರಾಜಪೇಟೆಯ ಕಡೆಗೆ ಚಾಚಿತ್ತು. ಪಶ್ಚಿಮದ ಅಂಚು ಕೃಷ್ಣರಾಜೇಂದ್ರ ರಸ್ತೆಯನ್ನು ದಾಟಿ ವಾಣಿವಿಲಾಸ ಆಸ್ಪತ್ರೆಯ ಮೇಲೆ ಬಂದು ಕೂತಿತು. ನನ್ನ ಅಜ್ಜಿ ಹೇಳಿದ್ದು ನಿಜವಾಗಿತ್ತು.

ಸುತ್ತಳತೆ ಸುಮಾರು ಒಂದು ಮೈಲಿ, ಸುತ್ತ ಅಗಲವಾದ ಕಂದಕ, ಗೋಡೆಯುದ್ದಕ್ಕೂ 26 ಕೊತ್ತಲ: ಹಳೆಯ ವಿವರಣೆಗಳಲ್ಲಿ ಈ ಕೋಟೆ ಹೀಗೆ ಬರುತ್ತದೆ. ಆ 26 ಕೊತ್ತಲಗಳ ಪೈಕಿ ಇಂದು ಕಣ್ಣಿಗೆ ಬೀಳುವುದು ದೆಹಲಿ ಬಾಗಿಲ ಆಸುಪಾಸಿನ ತುಣುಕು ಮಾತ್ರ. ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಚಿತ್ರಗಳನ್ನೂ, ಜೇಮ್ಸ್ ಹಂಟರ್ ಬರೆದು ಅವನ ಮರಣಾನಂತರ ಅಚ್ಚಾದ ಮೈಸೂರು ಸೀಮೆಯ ಚಿತ್ರಗಳನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಗೋಡೆಯ ಎತ್ತರ, ಕಂದಕದ ಆಳ, ಅರಮನೆಯ ಅಂಗಳದ ವಿಸ್ತಾರ ಒಂದೊಂದಾಗಿ ಮನಸ್ಸಿನಲ್ಲಿ ಎದ್ದು ನಿಂತವು.

ಅರಮನೆಯ ಕತೆಯನ್ನು ಇಲ್ಲಿ ಬಿಡುವ ಹಾಗಿಲ್ಲ. ಈ ಪ್ರದೇಶದ ಕಟ್ಟಡಗಳು ಹೇಗೆ ಉಳಿದವು, ಹೇಗೆ ಅಳಿದವು ಎಂಬುದಕ್ಕೆ ಅದೇ ಕೈಗನ್ನಡಿ. ಹೈದರ್ ಶುರುಮಾಡಿಸಿದ ಅರಮನೆಯನ್ನು ಟಿಪ್ಪು 1791ರಲ್ಲಿ ಮುಗಿಸಿದ. ಕಲ್ಲಿನ ಪೀಠದ ಮೇಲೆ ತೇಗದ ಕಂಬ, ಅದರ ಮೇಲೆ ಕಮಾನು. ಮಣ್ಣಿನ ಗೋಡೆಯಾದರೂ ವೈಭವಕ್ಕೆ ಕೊರತೆಯಿಲ್ಲ ಎಂದು ಬುಕಾನನ್ ಮೆಚ್ಚಿದ ಕಟ್ಟಡ. ಸ್ವರ್ಗವೂ ಅಸೂಯೆಪಡುವಂಥದ್ದು ಎಂದು ಕಟ್ಟಿಸಿದವರೇ ಅದರ ಮೇಲೆ ಪಾರಸಿಯಲ್ಲಿ ಬರೆಸಿದರು. 1831ರಲ್ಲಿ ಬ್ರಿಟಿಷ್ ಕಮಿಷನರರು ಮೈಸೂರಿನ ಆಡಳಿತ ವಹಿಸಿಕೊಂಡ ಮೇಲೆ ಈ ಅರಮನೆಯೇ ಸರ್ಕಾರಿ ಕಚೇರಿಯಾಯಿತು. ಕಮಿಷನರ್ ಮಾರ್ಕ್ ಕಬ್ಬನ್ ಕಾಲದ ಆಡಳಿತವೆಲ್ಲ ನಡೆದದ್ದು ತೇಗದ ಈ ಕಂಬಗಳ ನಡುವೆ. 1868ರಲ್ಲಿ ಕಚೇರಿಗಳು ಹೊಸದಾಗಿ ಕಟ್ಟಿದ ಅಠಾರಾ ಕಚೇರಿಗೆ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡಕ್ಕೆ ಹೋದವು. ಕಚೇರಿ ಹೋಯಿತು, ಕಾವಲೂ ಹೋಯಿತು. ಇಂದು ನಾವು ನೋಡುತ್ತಿರುವುದು ಅಂದಿನ ಅರಮನೆಯ ಒಂದು ಭಾಗ ಮಾತ್ರ.

ಅಠಾರಾ ಕಚೇರಿಗೂ ಒಮ್ಮೆ ಇದೇ ಗತಿ ಬರುವುದರಲ್ಲಿತ್ತು. 1980ರ ದಶಕದಲ್ಲಿ ಅದನ್ನು ಕೆಡವುವ ಪ್ರಸ್ತಾಪ ಬಂದಾಗ ಊರಿನ ಜನ ವಿರೋಧಿಸಿದರು, ವಿಷಯ ನ್ಯಾಯಾಲಯದವರೆಗೂ ಹೋಯಿತು, ಕಟ್ಟಡ ಉಳಿಯಿತು. ಜನ ದನಿಯೆತ್ತಿದ ಕಟ್ಟಡ ಉಳಿಯುತ್ತದೆ. ಯಾರೂ ದನಿಯೆತ್ತದ ಗೋಡೆ ದಿನಕ್ಕೊಂದು ಕಲ್ಲಿನಂತೆ ಕರಗುತ್ತದೆ. ಕೋಟೆಯ ಗೋಡೆ ಕರಗಿದ್ದು ಹಾಗೆ.

ಪೂರ್ಣಯ್ಯ ದುರಸ್ತಿ ಮಾಡಿಸಿದ ಗೋಡೆ ಮತ್ತೆ ಹೋದದ್ದು ಯಾವಾಗ? ಕೆಡವಲು ಹೊರಡಿಸಿದ ಆದೇಶವನ್ನು ಹುಡುಕುತ್ತ ಕಚೇರಿಯಿಂದ ಕಚೇರಿಗೆ ತಿರುಗಿದೆ. ಒಂದು ಕಡೆ ಮೂರು ವಾರ ಓಡಾಡಿಸಿದ ಮೇಲೆ ಕೆಂಪು ಬಟ್ಟೆಯ ಗಂಟೊಂದನ್ನು ತಂದು ಮುಂದಿಟ್ಟರು. ಬಿಚ್ಚಿದರೆ ಕಾಗದಗಳು ಕೈಯಲ್ಲೇ ಪುಡಿಯಾದವು. ಮಳೆನೀರು ಇಳಿದು ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಆ ದಿನ ಊಟ ಸೇರಲಿಲ್ಲ.

ಅಲ್ಲಿನ ದಫ್ತರದ ಹಿರಿಯರೊಬ್ಬರು ನನ್ನ ಮುಖ ನೋಡಿ ಚಹಾ ತರಿಸಿದರು. "ಕೆಡವಿದ್ದಕ್ಕೆ ಫೈಲ್ ಹುಡುಕಬೇಡಿ ಸಾರ್. ಕೆಡವಿದವರು ಯಾರೂ ಕಲ್ಲು ನೆಡಿಸೋದಿಲ್ಲ. ಕಟ್ಟಿದವರು ನೆಡಿಸ್ತಾರೆ. ಅಲ್ಲಿ ಏನೇನು ಕಟ್ಟಿದಾರೋ ಅದರ ಅಡಿಗಲ್ಲು ನೋಡ್ತಾ ಹೋಗಿ. ಕಟ್ಟಡ ಬಂದ ತಾರೀಖು ಸಿಕ್ಕರೆ ಗೋಡೆ ಹೋದ ತಾರೀಖೂ ಸಿಕ್ಕಿದ ಹಾಗೆ" ಎಂದರು. ಸಂಶೋಧನಾ ವಿಧಾನದ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲದ ಮಾತು ಇದು. ಮರುದಿನದಿಂದ ಕಚೇರಿ ಬಿಟ್ಟು ಕಟ್ಟಡಗಳ ಗೋಡೆ ಓದಲು ಹೊರಟೆ.

ಮೊದಲ ಕೀಲಿ 1888 ಎಂಬ ಇಸವಿ. ಅಲ್ಲಿಯವರೆಗೆ ಕೋಟೆ ಬ್ರಿಟಿಷ್ ಸೈನ್ಯದ ಕೈಯಲ್ಲಿತ್ತು, ಒಳಗೆ ಶಸ್ತ್ರಾಗಾರವಿತ್ತು. ಆ ವರ್ಷ ಸೈನ್ಯ ಅದನ್ನು ನಾಗರಿಕ ಆಡಳಿತಕ್ಕೆ ಬಿಟ್ಟುಕೊಟ್ಟಿತು. ದಂಡು ಇದ್ದಷ್ಟು ದಿನ ಕೋಟೆಗೆ ಕೆಲಸವಿತ್ತು. ದಂಡು ಹೊರಟ ಮೇಲೆ ಅದು ಊರ ನಡುವಿನ ಖಾಲಿ ಜಾಗವಾಯಿತು. ಪೇಟೆಯ ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದ್ದ ಊರಿಗೆ ಅಂಥ ಜಾಗ ಬೇಕಾಗಿತ್ತು. 1892ರಲ್ಲಿ ಕೋಟೆಯ ಪಕ್ಕದಲ್ಲೇ ಚಾಮರಾಜಪೇಟೆ ಎದ್ದಿತು.

ಎರಡನೆಯ ಕೀಲಿ 1897ರ ಒಂದು ಕಲ್ಲು. ಆ ವರ್ಷದ ಜೂನ್ 22 ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60ನೇ ವರ್ಷದ ಉತ್ಸವದ ದಿನ. ಅಂದೇ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಕೋಟೆಯ ಬದಿಯಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. ಉತ್ಸವಕ್ಕೆಂದು ಇಟ್ಟ ಕಲ್ಲು ಅದು. ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಓಣಿಗಳಿಂದ ಜನ ಓಡಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಭಯದ ಬೆನ್ನಿಗೆ ಬೆಳೆದವು. 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಆಸ್ಪತ್ರೆಯನ್ನು ಉದ್ಘಾಟಿಸುವ ಹೊತ್ತಿಗೆ ಅದು ಉತ್ಸವದ ಕಟ್ಟಡವಾಗಿ ಉಳಿದಿರಲಿಲ್ಲ, ಊರಿನ ಜೀವದ ಅಗತ್ಯವಾಗಿತ್ತು. ಕಲ್ಲಿನ ಮೇಲೆ ಆ ಮೂರೂವರೆ ವರ್ಷಗಳ ಸಂಕಟ ಕಾಣುವುದಿಲ್ಲ. ಎರಡು ತಾರೀಖುಗಳ ನಡುವಿನ ಖಾಲಿ ಜಾಗದಲ್ಲಿ ಅದನ್ನು ನಾವೇ ಓದಿಕೊಳ್ಳಬೇಕು.

ಆಮೇಲೆ ಕಲ್ಲುಗಳು ಸಾಲುಗಟ್ಟಿ ಸಿಕ್ಕವು. 1907ರದು ಕೋಟೆ ಹೈಸ್ಕೂಲು. 1913ರದು ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡ. 1928ರದು ಕೃಷ್ಣರಾಜೇಂದ್ರ ಮಾರುಕಟ್ಟೆ, ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ. 1935ರದು ವಾಣಿವಿಲಾಸ ಆಸ್ಪತ್ರೆ. 1955ರಲ್ಲಿ ಬಂದದ್ದು ಬೆಂಗಳೂರು ವೈದ್ಯಕೀಯ ಕಾಲೇಜು. ಒಂದೊಂದು ಇಸವಿಯನ್ನೂ ಬೆಣ್ಣೆಕಾಗದದ ನಕ್ಷೆಯ ಮೇಲೆ ಬರೆದುಕೊಳ್ಳುತ್ತ ಹೋದೆ. ಕೋಟೆ ಒಂದು ದಿನದಲ್ಲಿ ಬಿದ್ದದ್ದಲ್ಲ. 1930ರ ದಶಕದವರೆಗೂ ಅದು ತುಂಡು ತುಂಡಾಗಿ ಹೋಗುತ್ತಲೇ ಇತ್ತು. ಗೋಡೆ ಇದ್ದ ಕಡೆ ರಸ್ತೆ ಬಂತು, ಶಸ್ತ್ರಾಗಾರ, ಬ್ಯಾರಕ್ಕುಗಳಿದ್ದ ಕಡೆ ಶಾಲೆ, ಆಸ್ಪತ್ರೆಗಳು ಬಂದವು.

ಈ ಪಟ್ಟಿಯಲ್ಲಿ 1935 ಎಂಬ ಇಸವಿ ಎರಡು ಕಡೆ ಕಾಣಿಸಿಕೊಂಡಿತು. ಚಾಮರಾಜಪೇಟೆಯ ಸೇಂಟ್ ಲ್ಯೂಕ್ಸ್ ಚರ್ಚಿನದೂ ಅದೇ ಇಸವಿ. ಇದು ಕಾಕತಾಳೀಯವಲ್ಲ. ಕೋಟೆಯೊಳಗೆ ಸೈನಿಕರಿಗಾಗಿ ಹಳೆಯದೊಂದು ಚರ್ಚಿತ್ತು. ಹೆಂಗಸರು, ಮಕ್ಕಳ ವಾಣಿವಿಲಾಸ ಆಸ್ಪತ್ರೆಗೆ ಆ ಜಾಗ ಬೇಕಾದಾಗ ಅದನ್ನು ಬಿಟ್ಟುಕೊಟ್ಟು ಚಾಮರಾಜಪೇಟೆಯಲ್ಲಿ ಹೊಸದನ್ನು ಕಟ್ಟಿಕೊಂಡರು. ಒಂದು ಕಟ್ಟಡ ಎದ್ದ ಇಸವಿ ಇನ್ನೊಂದು ಅಳಿದ ಇಸವಿಯನ್ನು ಹೇಳಿತು. ದಫ್ತರದ ಹಿರಿಯರ ಮಾತು ಅಕ್ಷರಶಃ ನಿಜವಾದ ಗಳಿಗೆ ಅದು. ನಾನು ಹುಟ್ಟಿದ ಜಾಗದಲ್ಲಿ ಯಾರೋ ಪ್ರಾರ್ಥಿಸುತ್ತಿದ್ದರು ಎಂಬುದು ನನಗೆ ಗೊತ್ತಾದದ್ದೂ ಆಗಲೇ.

ಇನ್ನೊಂದು ಬಗೆಯ ದಾಖಲೆ ಕಾಗದದಲ್ಲೂ ಇಲ್ಲ, ಕಲ್ಲಿನಲ್ಲೂ ಇಲ್ಲ. ಮಾರುಕಟ್ಟೆಯಲ್ಲಿ ಹೂವು ಮಾರುವ ಹೆಂಗಸೊಬ್ಬರನ್ನು ದಾರಿ ಕೇಳಿದೆ. "ಕೋಟೆ ಆಂಜನೇಯನ ಗುಡಿ ತಾವ ಹೋಗಿ ಕೇಳಣ್ಣ" ಎಂದರು. ಗೋಡೆ ಕಣ್ಣಿಗೆ ಬಿದ್ದಿರದ ಆಕೆಯ ಬಾಯಲ್ಲಿ ಕೋಟೆ ಇನ್ನೂ ನಿಂತಿತ್ತು. ಅಂದಿನಿಂದ ಕೋಟೆ ಎಂಬ ಮಾತು ಅಂಟಿಕೊಂಡ ಹೆಸರುಗಳನ್ನು ಗುರುತುಹಾಕಿಕೊಂಡೆ. ಕೋಟೆ ಆಂಜನೇಯ, ಕೋಟೆ ವೆಂಕಟರಮಣ, ಕಲಾಸಿಪಾಳ್ಯದ ಕೋಟೆ ಜಲಕಂಠೇಶ್ವರ, ಕೋಟೆ ಹೈಸ್ಕೂಲು. ಈ ಹೆಸರುಗಳಿಗೆ ಒಂದು ಗೆರೆ ಎಳೆದರೆ ಹಳೆಯ ಕೋಟೆಯ ನೆಲವೇ ಸುತ್ತುಗಟ್ಟುತ್ತದೆ. ಸರ್ವೆಯವರು ನೆಟ್ಟ ಗಡಿಕಲ್ಲಿನಷ್ಟೇ ನಂಬಿಕೆಗೆ ತಕ್ಕ ಗುರುತುಗಳು ಇವು.

ಹೆಸರು ಅಳಿಸಿದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರು ಹೊತ್ತ ಸ್ಮಾರಕಸ್ತಂಭವೊಂದು ಹಡ್ಸನ್ ವೃತ್ತದಲ್ಲಿತ್ತು. ಅದರಿಂದಲೇ ಇಂದಿನ ನೃಪತುಂಗ ರಸ್ತೆಗೆ ಸೆನೊಟಾಫ್ ರಸ್ತೆ ಎಂಬ ಹೆಸರಿತ್ತು. 1964ರಲ್ಲಿ ಸ್ತಂಭವನ್ನು ಕೆಡವಿದರು. ಊರನ್ನು ಮುತ್ತಿದವರ ಸ್ಮಾರಕ ನಮಗೇಕೆ ಎಂಬ ನೋವು ನನಗೆ ಅರ್ಥವಾಗುತ್ತದೆ. ನೃಪತುಂಗನ ಹೆಸರು ನಮ್ಮ ರಸ್ತೆಗೆ ಬಂದದ್ದು ನಮ್ಮ ಹೆಮ್ಮೆ. ಆದರೆ ಕಿಲ್ಲೇದಾರ ಬಹಾದೂರ್ ಖಾನನ ಹೋರಾಟ ಎಷ್ಟು ದೊಡ್ಡದು ಎಂಬುದಕ್ಕೆ ಎದುರಾಳಿಗಳ ಸಾವಿನ ಪಟ್ಟಿಯೂ ಒಂದು ಸಾಕ್ಷಿಯೇ. ಕಂಬವನ್ನು ಒಂದು ವಸ್ತುಸಂಗ್ರಹಾಲಯದ ಅಂಗಳಕ್ಕೆ ಸಾಗಿಸಿದ್ದರೆ ಆ ಸಾಕ್ಷಿ ಉಳಿಯುತ್ತಿತ್ತು.

ಕೊನೆಯ ದಾಖಲೆ ತಾನಾಗಿ ಎದ್ದು ಬಂತು. 2012ರ ನವೆಂಬರ್‌ನಲ್ಲಿ ಮೆಟ್ರೊ ಕಾಮಗಾರಿಗೆ ನೆಲ ಅಗೆಯುವಾಗ ಟಿಪ್ಪು ಕಾಲದ ಎರಡು ಕಬ್ಬಿಣದ ಫಿರಂಗಿಗಳು ಸಿಕ್ಕವು. ಒಂದೊಂದೂ ಸುಮಾರು ಒಂದು ಟನ್ ತೂಕದವು. ಜೊತೆಗೆ ಫಿರಂಗಿ ಗುಂಡುಗಳು. ಇನ್ನೂರು ವರ್ಷ ನೆಲ ಅವನ್ನು ಬಚ್ಚಿಟ್ಟುಕೊಂಡಿತ್ತು. ನಾವು ಕಾಗದವನ್ನು ಕಾಪಾಡಿಕೊಂಡದ್ದಕ್ಕಿಂತ ಮಣ್ಣು ಕಬ್ಬಿಣವನ್ನು ಚೆನ್ನಾಗಿ ಕಾಪಾಡಿತ್ತು ಎಂದು ಬರೆಯುವಾಗ ಮನಸ್ಸು ಭಾರವಾಗುತ್ತದೆ.

ಇಷ್ಟು ಓಡಾಡಿದ ಮೇಲೆ ನನ್ನ ತೀರ್ಮಾನ ಇದು. ಬೆಂಗಳೂರಿನ ಕೋಟೆ ಶತ್ರುವಿನ ಕೈಯಲ್ಲಿ ನಾಶವಾಗಲಿಲ್ಲ. ಕಾರ್ನ್‌ವಾಲಿಸ್ ಅದರಲ್ಲಿ ಒಂದು ಕಂಡಿ ಮಾಡಿದ, ಟಿಪ್ಪು ಬಿಚ್ಚಿಸಿದ, ಪೂರ್ಣಯ್ಯ ಕಟ್ಟಿಸಿದರು. ಅದನ್ನು ಪೂರ್ತಿಯಾಗಿ ಕರಗಿಸಿದ್ದು ಬೆಳೆಯುತ್ತಿದ್ದ ಊರಿನ ಹಸಿವು. ಆ ಹಸಿವಿನಲ್ಲಿ ತಪ್ಪಿರಲಿಲ್ಲ. ಊರನ್ನು ಕಾಯಲೆಂದು ಕಟ್ಟಿದ ಗೋಡೆಯ ಜಾಗದಲ್ಲಿ ಊರನ್ನು ಬದುಕಿಸುವ ಆಸ್ಪತ್ರೆಗಳು ಬಂದವು. ಅಲ್ಲಿ ಹುಟ್ಟಿದ ನನಗೆ ಅದರ ಬಗ್ಗೆ ದೂರಿಲ್ಲ. ತಪ್ಪಾದದ್ದು ಬೇರೆ ಕಡೆ. ಕೆಡವುವ ಮೊದಲು ಅಳೆದಿಡಲಿಲ್ಲ, ಚಿತ್ರ ತೆಗೆದಿಡಲಿಲ್ಲ, ಇಲ್ಲಿ ಮೊದಲು ಏನಿತ್ತು ಎಂದು ಹೊಸ ಕಲ್ಲಿನ ಮೇಲೆ ಒಂದು ಸಾಲು ಬರೆಸಲಿಲ್ಲ.

ಇವತ್ತೂ ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆ, ಕಾಟನ್‌ಪೇಟೆಗಳಲ್ಲಿ ತೊಟ್ಟಿಮನೆಗಳು, ಮರದ ಜಗಲಿಗಳು, ಹಳೆಯ ಛತ್ರಗಳು ಬೀಳುತ್ತಲೇ ಇವೆ. ಎಲ್ಲವನ್ನೂ ಉಳಿಸಿ ಎಂದು ಕೇಳುವುದು ಅಲ್ಲಿ ಬದುಕುವವರಿಗೆ ಮಾಡುವ ಅನ್ಯಾಯ. ನಾನು ಕೇಳುವುದು ಅಷ್ಟು ದೊಡ್ಡದೇನಲ್ಲ. ನಿಮ್ಮ ಹಳೆಯ ಮನೆ ಇಳಿಸುವ ಮುನ್ನ ನಾಲ್ಕು ದಿಕ್ಕಿನಿಂದ ಚಿತ್ರ ತೆಗೆಯಿರಿ. ಕೋಣೆ, ತೊಟ್ಟಿ, ಕಂಬಗಳ ಅಳತೆ ಬರೆದಿಡಿ. ಕ್ರಯಪತ್ರ, ಖಾತೆ, ಹಳೆಯ ಕಂದಾಯದ ರಸೀದಿಗಳ ಪ್ರತಿ ಮಾಡಿಸಿ ಹತ್ತಿರದ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಕೊಡಿ. ಮನೆಯ ಹಿರಿಯರು ಇನ್ನೂ ಇದ್ದರೆ ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಮುದ್ದಿನ ಮಾತಾದರೂ ಸರಿ. ಹೊಸ ಕಟ್ಟಡದ ಕಲ್ಲಿನ ಮೇಲೆ ನಿಮ್ಮ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆಸಿ: ಇಲ್ಲಿ ಮೊದಲು ಏನಿತ್ತು ಎಂದು.